ಟ್ಯಾಂಕ್ ಎನ್ನುವ ಮುನ್ನ ಗಾಲಿ ಎಣಿಸೋಣ

2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ ವಿಡಿಯೊ ಗೇಮಿನ ದೃಶ್ಯಗಳು, ಬೇರೆ ದೇಶಗಳ ಹಳೆಯ ಯುದ್ಧದ ತುಣುಕುಗಳು ಗಡಿಯ ತಾಜಾ ಸುದ್ದಿಯಾಗಿ ಹರಿದಾಡಿದವು. ಗಡಿಯಿಂದ ಬಲುದೂರದ ಬೆಂಗಳೂರಿನ ಅತ್ತಿಗುಪ್ಪೆಗೆ ಯುದ್ಧ ತಲುಪುವುದು ಬಹುಪಾಲು ಇಂಥ ತುಣುಕುಗಳಾಗಿಯೇ. ಹಾಗಾಗಿ ಯುದ್ಧವಾಹನಗಳ ಹೊರಲಕ್ಷಣ ಗುರುತಿಸುವ ತಿಳಿವಳಿಕೆ ಸೈನಿಕರಿಗಷ್ಟೇ ಅಲ್ಲ, ನಮಗೂ ಬೇಕು. ಅದೇನೂ ಕಷ್ಟದ ವಿದ್ಯೆಯಲ್ಲ. ಚೈನಿನ ಮೇಲೆ ಓಡುವುದೆಲ್ಲ ಟ್ಯಾಂಕಲ್ಲ. ನಮ್ಮ ಕೆ-9 ವಜ್ರ ದೂರಕ್ಕೆ ಗುಂಡು ಹಾರಿಸುವ ಫಿರಂಗಿ. ದೊಡ್ಡ ಪೆಟ್ಟಿಗೆಯಂಥ ಅದರ ಟರೆಟ್, ಅಂದರೆ ನಳಿಗೆ ಹೊತ್ತು ತಿರುಗುವ ಮೇಲ್ಭಾಗ, ವಾಹನದ ಹಿಂಭಾಗಕ್ಕೆ ಸರಿದಿರುತ್ತದೆ. ಬಿಎಂಪಿ-2 ಸೈನಿಕರನ್ನು ಒಳಗೆ ಕೂರಿಸಿಕೊಂಡು ಸಾಗುವ ವಾಹನ. ಟರೆಟ್ ಚಿಕ್ಕದು, 30 ಮಿಲಿಮೀಟರ್ ನಳಿಗೆ ತೆಳ್ಳಗೆ. ಟ್ಯಾಂಕೇ ಆದರೆ ಒಂದು ಬದಿಯ ದೊಡ್ಡ ಗಾಲಿಗಳನ್ನು ಎಣಿಸಬೇಕು: ಟಿ-55ಕ್ಕೆ ಐದು, ಮೊದಲೆರಡರ ನಡುವೆ ಎದ್ದು ಕಾಣುವ ಅಂತರ, ಟಿ-72, ಟಿ-90ಕ್ಕೆ ಆರು, ಅರ್ಜುನ್‌ಗೆ ಏಳು.

ಗಾಲಿ ಎಣಿಸಿದರೆ ವಾಹನ ಯಾರದೆಂದು ತಿಳಿದೀತೇ ಎಂಬ ಆಕ್ಷೇಪ ನ್ಯಾಯವಾದದ್ದು. 1971ರ ಯುದ್ಧದಲ್ಲಿ ನಮ್ಮ ಟಿ-55 ಮತ್ತು ಪಾಕಿಸ್ತಾನದ ಬಳಿಯಿದ್ದ ಚೀನಾ ನಿರ್ಮಿತ ಟೈಪ್ 59 ದೂರದಿಂದ ಒಂದೇ ತೆರನಾಗಿ ಕಾಣುತ್ತಿದ್ದವು. ಎರಡೂ ಒಂದೇ ಸೋವಿಯತ್ ಮೂಲದವು. ನಮ್ಮವರ ಗುಂಡಿಗೆ ನಮ್ಮವರೇ ಬಲಿಯಾಗಬಾರದೆಂದು ಭಾರತೀಯ ಸೇನೆ ತನ್ನ ಟ್ಯಾಂಕುಗಳ ನಳಿಗೆಯ ನಡುವೆ ಹುಸಿ ಉಬ್ಬೊಂದನ್ನು ಕೂರಿಸಿತು. ಉಕ್ರೇನಿನಲ್ಲೂ ಎರಡೂ ಕಡೆಯವರ ಬಳಿ ಟಿ-72 ಇದೆ. ಪಳಗಿದ ಕಣ್ಣಿಗೇ ಗುರುತು ಬೇಕಾಗುವಾಗ ನಾವು ಆತುರದ ತೀರ್ಪು ಕೊಡುವುದು ಸಲ್ಲದು. ಆದರೆ ಹೊರಲಕ್ಷಣದ ಬಲವಿರುವುದು ಅಲ್ಲಗಳೆಯುವುದರಲ್ಲಿ. ಐದು ಗಾಲಿಯ ಟ್ಯಾಂಕ್ ತೋರಿಸಿ ಅರ್ಜುನ್ ಮುನ್ನುಗ್ಗಿತು ಎಂದವರ ಮಾತು ಸುಳ್ಳೆನ್ನಲು ಬೇರೆ ಸಾಕ್ಷಿ ಬೇಡ. ಗಾಲಿ ಸರಿಹೊಂದಿದ ಮಾತ್ರಕ್ಕೆ ಸುದ್ದಿ ನಿಜವೆನ್ನಲಾಗದು, ಅಷ್ಟೇ.

ಈ ಹೊರಲಕ್ಷಣಗಳನ್ನು ಕಲಿಸಿದರೆ ಸೇನೆಯ ಗುಟ್ಟು ಬಯಲಾಗುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಗಣರಾಜ್ಯೋತ್ಸವದಲ್ಲಿ ಸೇನೆಯೇ ಇಂಥ ವಾಹನಗಳನ್ನು ದೇಶಕ್ಕೆಲ್ಲ ತೋರಿಸುತ್ತದೆ. ಅಪಾಯವಿರುವುದು ವಾಹನ ಎಲ್ಲಿದೆ, ಎತ್ತ ಹೊರಟಿದೆ ಎಂದು ಹಂಚುವುದರಲ್ಲಿ. ಕೇಂದ್ರ ಸರ್ಕಾರ 2025ರ ಏಪ್ರಿಲ್ 26ರಂದು ಸೇನಾ ಕಾರ್ಯಾಚರಣೆಗಳ ನೇರಪ್ರಸಾರ ಬೇಡವೆಂದು ಮಾಧ್ಯಮಗಳಿಗೆ ಹೇಳಿದ್ದು ಅದಕ್ಕೇ. ಮಕ್ಕಳಲ್ಲಿ ಯುದ್ಧದ ಮೋಹ ಬೆಳೆದೀತೆಂಬ ಆತಂಕ ಇದಕ್ಕಿಂತ ಗಂಭೀರವಾದುದು. ಆದರೆ ಆ ಮೋಹವನ್ನು ಗೇಮುಗಳು ಈಗಾಗಲೇ ಬಿತ್ತಿವೆ. ಟ್ಯಾಂಕಿನೊಳಗೆ ಮೂರು-ನಾಲ್ಕು ಜನ ಇಕ್ಕಟ್ಟಿನಲ್ಲಿ ಕೂತಿರುತ್ತಾರೆ, ಹೊತ್ತಿಕೊಂಡರೆ ಅವರು ಹೊರಬರುವುದು ಕಷ್ಟ ಎಂಬುದನ್ನೂ ಸೇರಿಸಿಯೇ ಕಲಿಸಬೇಕು. ಅತ್ತಿಗುಪ್ಪೆಗೆ ಹತ್ತಿರದ ಹಂಪಿನಗರ ಗ್ರಂಥಾಲಯಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನೂರಾರು ಯುವಕ ಯುವತಿಯರು ಬರುತ್ತಾರೆ. ಅಲ್ಲಿನ ಗೋಡೆಗೆ ಈ ಹೊರಲಕ್ಷಣಗಳನ್ನು ತೋರಿಸುವ, ಕನ್ನಡ ವಿವರಣೆಯ ಚಿತ್ರಪಟವೊಂದನ್ನು ತೂಗುಹಾಕಲು ದೊಡ್ಡ ಖರ್ಚೇನೂ ಆಗದು.