ಎಂಜಿನ್ ನಿಂತ ಮೇಲೂ ರೇಡಿಯೋ ಮಾತಾಡಬೇಕು: ಮಂಜಿ, ಬೋಟುಗಳ ಬ್ಯಾಟರಿ ಲೆಕ್ಕ

2025ರ ಮೇ 12ರಂದು ಸಿಮೆಂಟ್, ಕಟ್ಟಡ ಸಾಮಗ್ರಿ ತುಂಬಿಕೊಂಡು ಮಂಗಳೂರಿನಿಂದ ಲಕ್ಷದ್ವೀಪದ ಕಡಮತ್‌ಗೆ ಹೊರಟ ‘ಸಲಾಮತ್’ ಮಂಜಿ 14ರ ಬೆಳಗ್ಗೆ ಸುಮಾರು ಐದೂವರೆಗೆ ಮುಳುಗಿತು. ಆರು ಮಂದಿ ಚಿಕ್ಕ ದೋಣಿಗೆ ಹಾರಿ ಪಾರಾದರು. ಕೋಸ್ಟ್‌ಗಾರ್ಡ್‌ಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ 12 ದಾಟಿದ ಮೇಲೆ. ಅದೂ ಆ ದಾರಿಯಲ್ಲಿ ಹೋಗುತ್ತಿದ್ದ ಒಂದು ಟ್ಯಾಂಕರ್ ಹಡಗಿನವರು ಸುರತ್ಕಲ್‌ನಿಂದ ಸುಮಾರು 52 ನಾಟಿಕಲ್ ಮೈಲಿ ದೂರದಲ್ಲಿ ದೋಣಿ ಕಂಡು ತಿಳಿಸಿದ್ದರಿಂದ. ಕೋಸ್ಟ್‌ಗಾರ್ಡ್‌ನ ‘ವಿಕ್ರಂ’ ಹಡಗು ಹೋಗಿ ಆರು ಮಂದಿಯನ್ನೂ ಜೀವಂತ ಕರೆತಂದಿತು. ಅಲ್‌ಹಮ್ದುಲಿಲ್ಲಾಹ್.

ಅದೇ ತಿಂಗಳ ಕೊನೆಗೆ ಕೊಚ್ಚಿಯ ಹೊರಗೆ ಕಂಟೈನರ್ ಹಡಗು ಮುಳುಗಿತು, ಟಿವಿಯವರೆಲ್ಲ ಆ ಕಡೆ ಹೋದರು, ಸಲಾಮತ್ ಮರೆತೇ ಹೋಯಿತು. ನನಗೆ ಮರೆಯಲು ಆಗಲಿಲ್ಲ. ಬಂದರಿನಲ್ಲಿ ನನ್ನದೊಂದು ಚಿಕ್ಕ ಬ್ಯಾಟರಿ ಅಂಗಡಿ ಉಂಟು. ಮಂಜಿಯವರು, ಬೋಟಿನವರು ನನ್ನ ಗಿರಾಕಿಗಳು. ಆ ಆರೇಳು ಗಂಟೆ ದಡದಲ್ಲಿ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ಒಂದು ಮಂಜಿಯದ್ದಲ್ಲ. ಸಲಾಮತ್‌ನಲ್ಲಿ ಯಾವ ಸಾಧನ ಇತ್ತು, ಯಾವುದು ಕೈಕೊಟ್ಟಿತು ಎಂಬ ತನಿಖೆ ನನ್ನ ಕೆಲಸ ಅಲ್ಲ. ಅಂಗಡಿಗೆ ಬರುವ ಬೋಟುಗಳಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ.

ಸರ್ಕಾರಿ ಕಾಗದದಲ್ಲಿ ಮಂಜಿಗೆ ಈಗಲೂ ಹೆಸರು ‘ಯಾಂತ್ರೀಕೃತ ಹಾಯಿ ಹಡಗು’. ಅಜ್ಜಂದಿರ ಕಾಲದಲ್ಲಿ ಹಾಯಿ ಇತ್ತು, ಲಾಟೀನು ಇತ್ತು, ನಕ್ಷತ್ರ ಇತ್ತು. ಗಾಳಿ ನಿಂತರೆ ಮಂಜಿ ನಿಲ್ಲುತ್ತಿತ್ತು, ಅಷ್ಟೆ. ಈಗ ಜಿಪಿಎಸ್, ವಿಎಚ್‌ಎಫ್ ರೇಡಿಯೋ, ಎಐಎಸ್, ದೀಪ, ಮೊಬೈಲ್ ಚಾರ್ಜರ್ ಎಲ್ಲ ಬಂದಿದೆ. ಇವೆಲ್ಲ ಎಲ್ಲಿಗೆ ಸಿಕ್ಕಿಸಿರುತ್ತದೆ ಅಂತ ನೋಡಿದರೆ, ಹೆಚ್ಚಿನ ಕಡೆ ಎಂಜಿನ್ ಸ್ಟಾರ್ಟ್ ಮಾಡುವ ಅದೇ ಬ್ಯಾಟರಿಗೆ. ಆ ಬ್ಯಾಟರಿ ಇರುವುದು ಎಂಜಿನ್ ಕೋಣೆಯಲ್ಲಿ, ತಳದಲ್ಲಿ. ಬೋಟಿಗೆ ನೀರು ನುಗ್ಗಿದರೆ ಮೊದಲು ತುಂಬುವುದೇ ಅಲ್ಲಿ. ಅಂದರೆ ರೇಡಿಯೋ ಬೇಕಾದ ಹೊತ್ತಿಗೇ ರೇಡಿಯೋ ಸಾಯುತ್ತದೆ. ಸಾಲದ್ದಕ್ಕೆ ಸೀಸದ ಬ್ಯಾಟರಿಯೊಳಗೆ ಉಪ್ಪುನೀರು ಹೊಕ್ಕರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಉಸಿರು ಕಟ್ಟುವ ವಿಷ.

ದೊಡ್ಡ ಹಡಗುಗಳಿಗೆ ಇದಕ್ಕೆ ಅಂತಾರಾಷ್ಟ್ರೀಯ ಕಾನೂನೇ ಉಂಟು. ರೇಡಿಯೋಗೆ ಎಂಜಿನ್‌ನ ಹಂಗಿಲ್ಲದ ಪ್ರತ್ಯೇಕ ಮೀಸಲು ವಿದ್ಯುತ್ ಇರಲೇಬೇಕು. ತುರ್ತು ಜನರೇಟರ್ ಇದ್ದರೆ ಕನಿಷ್ಠ 1 ಗಂಟೆಗೆ, ಇಲ್ಲದಿದ್ದರೆ 6 ಗಂಟೆಗೆ ಸಾಕಾಗುವಷ್ಟು. ಆದರೆ ಆ ಕಾನೂನು 300 ಟನ್‌ಗಿಂತ ಮೇಲಿನ ಸರಕು ಹಡಗುಗಳಿಗೆ. ನಮ್ಮ ಚಿಕ್ಕ ಮಂಜಿ, ಬೋಟುಗಳಿಗೆ ಅಲ್ಲ. ಚಿಕ್ಕದಕ್ಕೇ ಅಪಾಯ ಜಾಸ್ತಿ, ಅದಕ್ಕೇ ಕಾನೂನಿನ ರಿಯಾಯಿತಿ!

ಹಾಯಿದೋಣಿಯಲ್ಲಿ ಭೂಮಿ ಸುತ್ತುವವರು ಇದನ್ನು ಚೆನ್ನಾಗಿ ಬಲ್ಲರು. ಎಂಜಿನ್ ಓಡಿಸದೆ ತಿಂಗಳುಗಟ್ಟಲೆ ಹೋಗುವವರಿಗೆ ಸೋಲಾರ್, ಬ್ಯಾಟರಿ ಅಂದರೆ ಕುಡಿಯುವ ನೀರಿನಷ್ಟೇ ಮುಖ್ಯ. 2018ರ ಸೆಪ್ಟೆಂಬರ್ 21ರಂದು ನೌಕಾಪಡೆಯ ಅಭಿಲಾಷ್ ಟೋಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ ಹಾಯಿಕಂಬ ಮುರಿಯಿತು, ಅವರ ಬೆನ್ನಿಗೂ ಪೆಟ್ಟಾಯಿತು. ಆದರೂ ಉಪಗ್ರಹದ ಮೂಲಕ ಅವರ ಸಂದೇಶ ಹೊರಗೆ ಬಂತು. ಮೂರನೇ ದಿನ ಫ್ರೆಂಚ್ ಹಡಗು ‘ಒಸಿರಿಸ್’ ಬಂದು ಎತ್ತಿಕೊಂಡಿತು. ಕಂಬ, ಹಾಯಿ ಹೋದ ಮೇಲೂ ಸಂದೇಶ ಕಳಿಸುವ ಸಾಧನಕ್ಕೆ ಕರೆಂಟ್ ಇತ್ತು ಎಂಬುದೇ ಇಲ್ಲಿ ದೊಡ್ಡ ವಿಷಯ.

ಈಗ ಲೆಕ್ಕಕ್ಕೆ ಬರೋಣ. ಬಿ.ಕಾಂ. ಓದಿದವನಿಗೆ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. 12 ವೋಲ್ಟ್‌ನಲ್ಲಿ ಜಿಪಿಎಸ್ ಪರದೆ ಗಂಟೆಗೆ ಸುಮಾರು 1 ಆಂಪಿಯರ್ ಎಳೆಯುತ್ತದೆ, ದಿನಕ್ಕೆ 24. ರೇಡಿಯೋ ಸುಮ್ಮನೆ ಕೇಳುತ್ತಾ ಇದ್ದರೆ ಅರ್ಧ ಆಂಪಿಯರ್, ದಿನಕ್ಕೆ 12. ಗುಂಡಿ ಒತ್ತಿ ಮಾತಾಡುವಾಗ ಅದು 5-6ಕ್ಕೆ ಏರುತ್ತದೆ, ಮಾತಿಗೆ ಇನ್ನೊಂದು 3 ಸೇರಿಸಿ. ಎಐಎಸ್‌ಗೆ 7. ರಾತ್ರಿ ಎಲ್‌ಇಡಿ ದೀಪಗಳಿಗೆ 12. ಒಟ್ಟು 60ರ ಹತ್ತಿರ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಹಾಗಾಗಿ 120 ಬೇಕು, 150 ಆಂಪಿಯರ್-ಅವರ್‌ನದ್ದು ಇಟ್ಟರೆ ಧೈರ್ಯ. 100 ವಾಟ್‌ನ ಒಂದು ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 30ರಷ್ಟು ತುಂಬಿಸುತ್ತದೆ. ಎರಡು ಹಾಕಿದರೆ ಖರ್ಚಾದದ್ದು ಸರಿಹೋಯಿತು.

ಎಂಜಿನ್ ಕೆಟ್ಟು ಬೋಟ್ ತೇಲುತ್ತಾ ನಿಂತಿತು ಅಂತ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಬಂದ್ ಮಾಡಿ ರೇಡಿಯೋ ಒಂದನ್ನೇ ಇಟ್ಟರೆ ದಿನಕ್ಕೆ 15 ಸಾಕು. ಬಿಸಿಲೇ ಇಲ್ಲದಿದ್ದರೂ ತುಂಬಿದ ಬ್ಯಾಟರಿಯಲ್ಲಿ 5 ದಿನ ಮಾತಾಡಬಹುದು. 50 ಮೈಲಿ ಆಚೆಯಿಂದ ವಿಎಚ್‌ಎಫ್ ದಡಕ್ಕೆ ಮುಟ್ಟುವುದು ಕಷ್ಟ, ಆದರೆ ಹತ್ತಿರ ಹಾದುಹೋಗುವ ಹಡಗಿಗೆ 16ನೇ ಚಾನೆಲ್‌ನಲ್ಲಿ ಕೇಳುತ್ತದೆ. ಬೋಟೇ ಮುಳುಗಿಹೋದರೆ ಯಾವ ಬ್ಯಾಟರಿಯೂ ಉಪಯೋಗ ಇಲ್ಲ. ಅದಕ್ಕೆ ಇಪಿಐಆರ್‌ಬಿ ಎಂಬ ಬೀಕನ್ ಬೇಕು. ಅದರದ್ದೇ ಬ್ಯಾಟರಿ, ಕನಿಷ್ಠ 48 ಗಂಟೆ. ಅದರ ಸಂಕೇತ ಉಪಗ್ರಹದ ಮೂಲಕ ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರಕ್ಕೇ ಬರುತ್ತದೆ, ಅಲ್ಲಿಂದ ಕೋಸ್ಟ್‌ಗಾರ್ಡ್‌ಗೆ ಹೋಗುತ್ತದೆ.

ಮೀನುಗಾರಿಕಾ ಬೋಟುಗಳಿಗೆ ಸರ್ಕಾರ ಟ್ರಾನ್ಸ್‌ಪಾಂಡರ್ ಉಚಿತ ಕೊಡುತ್ತಿದೆ. 2024ರ ಆಗಸ್ಟ್ 30ರಂದು ಪ್ರಧಾನಿ ಪಾಲ್ಘರ್‌ನಲ್ಲಿ ಚಾಲನೆ ಕೊಟ್ಟ ಯೋಜನೆ, 1 ಲಕ್ಷ ಬೋಟುಗಳ ಗುರಿ. 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ದ ಅವಶೇಷ ಮಾಲ್ವಣ್ ಸಮುದ್ರದಲ್ಲಿ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಆ ಮನೆಯವರು ಕಾದ ಕಾಲ ನೆನೆಸಿದರೆ ಈ ಯೋಜನೆ ಒಳ್ಳೆಯದೇ. ಆದರೆ ಮೀನು ಹಿಡಿಯದ ಸರಕು ಮಂಜಿ ಇದರ ಲೆಕ್ಕದಲ್ಲಿ ಬರುವುದಿಲ್ಲ. ಟ್ರಾನ್ಸ್‌ಪಾಂಡರ್‌ಗೂ ಕರೆಂಟ್ ಬೇಕಲ್ಲ? ಅದನ್ನೂ ಅದೇ ತಳದ ಬ್ಯಾಟರಿಗೆ ಸಿಕ್ಕಿಸಿದರೆ ಆಯಿತು ಕಥೆ.

ಖರ್ಚು ಅಷ್ಟು ದೊಡ್ಡದಲ್ಲ. ಬ್ಯಾಟರಿ, ಎರಡು ಪ್ಯಾನೆಲ್, ಕಂಟ್ರೋಲರ್, ವಯರ್, ಫ್ಯೂಸ್ ಸೇರಿ ನನ್ನ ಅಂಗಡಿ ಲೆಕ್ಕದಲ್ಲಿ 30 ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್‌ನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಸೀಸದ ಬ್ಯಾಟರಿಯದ್ದು ಶೇ. 28ರಿಂದ 18ಕ್ಕೆ ಇಳಿದಿದೆ. (ನಾನು ಮಾರುವವನು, ಹೇಳುವುದರಲ್ಲಿ ನನ್ನ ಲಾಭವೂ ಉಂಟು. ಬೇರೆ ಅಂಗಡಿಯಿಂದ ತನ್ನಿ, ಬೇಸರವಿಲ್ಲ.) ಅಡ್ಡಿ ಇರುವುದು ಬೇರೆ ಕಡೆ. ಬ್ಯಾಟರಿ ದುಡ್ಡು ಮಾಲಕರ ಖಾತೆಯಿಂದ ಹೋಗುತ್ತದೆ, ಜೀವ ಕೆಲಸಗಾರರದ್ದು. ಡೀಸೆಲ್ ಇಲ್ಲದೆ ಬೋಟ್ ಹೊರಡುವುದಿಲ್ಲ, ಬಲೆ ಇಲ್ಲದೆ ಮೀನಿಲ್ಲ. ಎರಡನೇ ಬ್ಯಾಟರಿ ಇಲ್ಲದಿದ್ದರೂ ಬೋಟ್ ಹೊರಡುತ್ತದೆ, ಮೀನೂ ಬರುತ್ತದೆ. ಹಾಗಾಗಿ ಅದು ‘ಮುಂದಿನ ಸೀಸನ್‌ಗೆ ನೋಡುವ’ ಪಟ್ಟಿಯಲ್ಲೇ ಉಳಿಯುತ್ತದೆ.

ಹಾಕಿದವರೂ ಅರ್ಧಂಬರ್ಧ ಹಾಕುವುದುಂಟು. ಪ್ಯಾನೆಲ್ ಮೇಲೆ ಬಲೆ ಒಣಗಿಸುತ್ತಾರೆ, ಕಂಬದ ನೆರಳು ಒಂದು ಮೂಲೆಗೆ ಬಿದ್ದರೂ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಮನೆಯ ತೆಳು ವಯರ್ ಎಳೆಯುತ್ತಾರೆ, ಆರು ತಿಂಗಳಲ್ಲಿ ಉಪ್ಪುಗಾಳಿಗೆ ತಾಮ್ರ ಹಸಿರಾಗುತ್ತದೆ. ತವರ ಲೇಪಿಸಿದ ದಪ್ಪ ವಯರ್, ಟರ್ಮಿನಲ್‌ಗೆ ವ್ಯಾಸಲಿನ್, ಬ್ಯಾಟರಿಗೆ ಮೇಲಿನ ಕ್ಯಾಬಿನ್‌ನಲ್ಲಿ ಗಟ್ಟಿ ಪೆಟ್ಟಿಗೆ, ಇಷ್ಟು ಬೇಕು. ಐಟಿಐ ಮುಗಿಸಿ ಗಲ್ಫ್ ವೀಸಾಕ್ಕೆ ಕಾಯುವ ನಮ್ಮ ಹುಡುಗರಿಗೆ ದಕ್ಕೆಯಲ್ಲಿ ಈ ಕೆಲಸ ಬೇಕಾದಷ್ಟು ಉಂಟು, ಮಾಡುವವರು ಕಡಿಮೆ.

ಮೊನ್ನೆ ವಯಸ್ಸಾದ ಒಬ್ಬ ಕಾಕ ಎಂಜಿನ್ ಬ್ಯಾಟರಿ ಬದಲಿಸಲು ಬಂದಿದ್ದರು. ‘ರೇಡಿಯೋ ಯಾವುದಕ್ಕೆ ಕನೆಕ್ಷನ್ ಕಾಕಾ?’ ಅಂತ ಕೇಳಿದೆ. ‘ಇದಕ್ಕೇ ಮೋನೆ, ಎಂಜಿನ್ ಓಡ್ತಾ ಇರ್ತದಲ್ಲ’ ಅಂದರು. ‘ಓಡದಿದ್ದರೆ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು, ಚಾ ಮುಗಿಸಿದರು. ದೊಡ್ಡ ಸೆಟ್‌ಗೆ ಮಾಲಕರು ಒಪ್ಪಲಿಕ್ಕಿಲ್ಲ ಅಂದರು. ಕೊನೆಗೆ ರೇಡಿಯೋಗೆ ಮಾತ್ರ ಅಂತ ಒಂದು 40 ವಾಟ್ ಪ್ಯಾನೆಲ್, ಒಂದು ಸಣ್ಣ ಬ್ಯಾಟರಿ ತಮ್ಮ ಸ್ವಂತ ದುಡ್ಡಿನಲ್ಲಿ ತೆಗೆದುಕೊಂಡು ಹೋದರು.