ಒತ್ತಡ ಏರಿದರೆ ಸಾಲದು, ರಕ್ತ ಹರಿಯಬೇಕು

2017ರ ಮಾರ್ಚ್‌ನಲ್ಲಿ ಬೆಂಗಳೂರು ರೇಸ್‌ಕೋರ್ಸ್‌ನಲ್ಲಿ ಗೆದ್ದ ‘ಕ್ವೀನ್ ಲತೀಫಾ’ ಎಂಬ ಹೆಣ್ಣುಕುದುರೆಯ ಮಾದರಿಯಲ್ಲಿ ಪ್ರೊಕೇನ್ ಎಂಬ ಅರಿವಳಿಕೆ ಅಂಶ ಪತ್ತೆಯಾಯಿತು. ಪ್ರಕರಣ ಪೊಲೀಸ್ ಠಾಣೆಯ ಮೆಟ್ಟಿಲೇರಿ ಸಿಐಡಿ ತನಿಖೆಯವರೆಗೂ ಹೋಯಿತು. ಅಂದು ನಡೆದ ಚರ್ಚೆಯೆಲ್ಲ ಬಾಜಿಯ ಹಣ, ನಿಯಮಗಳ ಉಲ್ಲಂಘನೆ, ಹೊಣೆಗಾರರು ಯಾರು ಎಂಬುದರ ಸುತ್ತಲೇ ಇತ್ತು. ಔಷಧಿಯೊಂದು ಕುದುರೆಯ ಹೃದಯಕ್ಕೆ, ರಕ್ತನಾಳಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಬದಿಗೆ ಸರಿಯಿತು. ರೇಸಿನ ದಿನ ನಿಷಿದ್ಧವಾದ ಎಷ್ಟೋ ಔಷಧಿಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅದೇ ಪ್ರಾಣಿಯ ಜೀವ ಉಳಿಸುತ್ತವೆ. ಡೋಪಮಿನ್‌ಗೆ ಸಂಬಂಧಿಸಿದ ಔಷಧಿಗಳ ಗುಂಪು ಇದಕ್ಕೆ ಒಳ್ಳೆಯ ನಿದರ್ಶನ.

ಡೋಪಮಿನ್ ಎಂದರೆ ಮೆದುಳಿನಲ್ಲಿ ಸುಖದ ಭಾವ ಹುಟ್ಟಿಸುವ ರಾಸಾಯನಿಕ ಎಂಬುದಷ್ಟೇ ಸಾಮಾನ್ಯ ತಿಳಿವಳಿಕೆ. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅವರು 1950ರ ದಶಕದ ಕೊನೆಯಲ್ಲಿ ಮೆದುಳಿನಲ್ಲಿ ಅದರ ಪಾತ್ರವನ್ನು ತೋರಿಸಿಕೊಟ್ಟರು. 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ರಕ್ತನಾಳಕ್ಕೆ ನೇರವಾಗಿ ಹರಿಸಿದ ಡೋಪಮಿನ್ ಮೆದುಳನ್ನು ಹೊಕ್ಕುವುದಿಲ್ಲ. ಅದರ ಕೆಲಸವೆಲ್ಲ ಹೃದಯ, ಮೂತ್ರಪಿಂಡ ಮತ್ತು ರಕ್ತನಾಳಗಳ ಮೇಲೆ. ಪ್ರಮಾಣ ಕಡಿಮೆ ಇದ್ದಾಗ ಅದು ಮೂತ್ರಪಿಂಡ ಹಾಗೂ ಕರುಳಿನ ನಾಳಗಳನ್ನು ಸಡಿಲಿಸುತ್ತದೆ, ತುಸು ಹೆಚ್ಚಿದಾಗ ಹೃದಯದ ಬಡಿತಕ್ಕೆ ಬಲ ಕೊಡುತ್ತದೆ, ಇನ್ನೂ ಹೆಚ್ಚಿದರೆ ನಾಳಗಳನ್ನು ಬಿಗಿಯುತ್ತದೆ. ಒಂದೇ ಔಷಧಿಗೆ ಮೂರು ಸ್ವಭಾವ. ಈ ಮೂರರ ನಡುವಿನ ಗಡಿ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ.

ಕುದುರೆಯ ವಿಷಯದಲ್ಲಿ ಈ ಲೆಕ್ಕಾಚಾರ ಏಕೆ ಇಷ್ಟು ಮುಖ್ಯ? ಸುಮಾರು 450 ಕಿಲೋ ತೂಗುವ ಪ್ರಾಣಿಯನ್ನು ಅರಿವಳಿಕೆ ಕೊಟ್ಟು ಮಗ್ಗುಲಾಗಿ ಮಲಗಿಸಿದಾಗ ಕೆಳಗಿನ ಮಾಂಸಖಂಡ ಅದರ ತೂಕಕ್ಕೇ ನಲುಗುತ್ತದೆ. ಅರಿವಳಿಕೆಯ ಅನಿಲಗಳು ರಕ್ತದೊತ್ತಡವನ್ನು ತಗ್ಗಿಸುತ್ತವೆ. ಸರಾಸರಿ ಒತ್ತಡ 70 ಮಿಲಿಮೀಟರ್‌ಗಿಂತ ಕೆಳಗಿಳಿದು ಬಹಳ ಹೊತ್ತು ಅಲ್ಲಿಯೇ ನಿಂತರೆ, ರಕ್ತ ಸಿಗದ ಸ್ನಾಯುಗಳು ಊದಿ ಗಡುಸಾಗುತ್ತವೆ. ಎಚ್ಚರಗೊಂಡ ಕುದುರೆಗೆ ಎದ್ದು ನಿಲ್ಲಲಾಗುವುದಿಲ್ಲ. ಗಾಬರಿಯಿಂದ ಒದ್ದಾಡಿ ಕಾಲು ಮುರಿದುಕೊಳ್ಳುವುದೂ ಉಂಟು. 2002ರಲ್ಲಿ ಪ್ರಕಟವಾದ, 41 ಸಾವಿರಕ್ಕೂ ಹೆಚ್ಚು ಪ್ರಕರಣಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವಿನ ಪ್ರಮಾಣ ಶೇ 1.9 ಇತ್ತು; ಹೊಟ್ಟೆಶೂಲೆಯ ಪ್ರಕರಣಗಳನ್ನು ಬಿಟ್ಟರೂ ಶೇ 0.9. 2021ರ ಅಧ್ಯಯನದಲ್ಲಿ ಒಟ್ಟು ಪ್ರಮಾಣ ಶೇ 1ರ ಆಸುಪಾಸಿಗೆ ಇಳಿದಿದೆ. ಮನುಷ್ಯರ ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ಇದು ಈಗಲೂ ಬಹಳ ದೊಡ್ಡ ಸಂಖ್ಯೆ.

ಹಾಗಾದರೆ ಒತ್ತಡ ಏರಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಸಾಲದು ಎಂಬುದೇ ಈ ವಿಷಯದ ತಿರುಳು. ಫಿನೈಲ್‌ಎಫ್ರಿನ್‌ನಂಥ ಔಷಧಿ ನಾಳಗಳನ್ನು ಬಿಗಿದು ಮಾಪಕದ ಮುಳ್ಳನ್ನು ಮೇಲಕ್ಕೆ ತಳ್ಳುತ್ತದೆ. ಸ್ನಾಯುವಿಗೆ ಹರಿಯುವ ರಕ್ತ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನಲ್ಲಿಯ ಬಾಯನ್ನು ಬೆರಳಿನಿಂದ ಒತ್ತಿದರೆ ನೀರಿನ ರಭಸ ಹೆಚ್ಚುತ್ತದೆ, ಕೊಡ ತುಂಬುವುದು ತಡವಾಗುತ್ತದೆ. ಡೋಪಮಿನ್‌ನದು ಇದಕ್ಕೆ ವಿರುದ್ಧ ದಾರಿ. ಕಡಿಮೆ ಪ್ರಮಾಣದಲ್ಲಿ ಅದು ಹೃದಯ ಹೊರಹಾಕುವ ರಕ್ತವನ್ನು ಹೆಚ್ಚಿಸಿ ನಾಳಗಳ ಪ್ರತಿರೋಧವನ್ನು ಇಳಿಸುವುದರಿಂದ, ಹರಿವು ಹೆಚ್ಚಿದರೂ ಒತ್ತಡ ಅಷ್ಟಾಗಿ ಏರದೆ ಇರಬಹುದು. ಪ್ರಮಾಣ ಏರಿಸಿದರೆ ಹೃದಯದ ಲಯ ತಪ್ಪುವ ಅಪಾಯ ಎದುರಾಗುತ್ತದೆ. ಈ ಕಾರಣದಿಂದಲೇ ಕುದುರೆಗಳ ಅರಿವಳಿಕೆಯಲ್ಲಿ ಡೋಪಮಿನ್‌ಗಿಂತ ಅದರ ಸಂಬಂಧಿಯಾದ ಡೋಬ್ಯುಟಮಿನ್ ಹೆಚ್ಚು ಬಳಕೆಗೆ ಬಂದಿದೆ. ಅದು ಒತ್ತಡವನ್ನೂ ಸ್ನಾಯುವಿನ ರಕ್ತಸಂಚಾರವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಮನುಷ್ಯರ ವೈದ್ಯಕೀಯದಲ್ಲೂ ಮೂತ್ರಪಿಂಡವನ್ನು ಕಾಪಾಡಲೆಂದು ಕಡಿಮೆ ಪ್ರಮಾಣದ ಡೋಪಮಿನ್ ಕೊಡುವ ಪದ್ಧತಿ ದಶಕಗಳ ಕಾಲ ನಡೆದಿತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ತೀವ್ರ ನಿಗಾ ಘಟಕಗಳಲ್ಲಿ 328 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು.

ಇನ್ನೊಂದು ಬದಿಯಲ್ಲಿ ಡೋಪಮಿನ್ ಅನ್ನು ತಡೆಯುವ ಔಷಧಿಗಳಿವೆ. ಅಸೆಪ್ರೊಮಜೀನ್ ಇವುಗಳಲ್ಲಿ ಪ್ರಮುಖ. ನಮ್ಮ ಪಶುವೈದ್ಯರು ದನಗಳ ಶಸ್ತ್ರಚಿಕಿತ್ಸೆಗೆ ಮುನ್ನ ಬಳಸುತ್ತ ಬಂದಿರುವ ಟ್ರೈಫ್ಲುಪ್ರೊಮಜೀನ್ ಕೂಡ ಇದೇ ವರ್ಗದ್ದು. ಮೆದುಳಿನಲ್ಲಿ ಡೋಪಮಿನ್ ತಡೆದು ಪ್ರಾಣಿಯನ್ನು ಶಾಂತಗೊಳಿಸುವ ಅಸೆಪ್ರೊಮಜೀನ್, ರಕ್ತನಾಳಗಳನ್ನು ಬಿಗಿಯುವ ಸಂಕೇತವನ್ನೂ ತಡೆಯುತ್ತದೆ. ಹಾಗಾಗಿ ಒತ್ತಡ ಕುಸಿಯುತ್ತದೆ, ಕಾಲಿನ ಕಡೆಗೆ ರಕ್ತ ಹರಿಯುತ್ತದೆ. ಆರೋಗ್ಯವಂತ ಕುದುರೆ ಇದನ್ನು ತಾಳಿಕೊಳ್ಳುತ್ತದೆ. 2002ರ ಅಧ್ಯಯನದಲ್ಲಿ ಅರಿವಳಿಕೆಗೆ ಮುನ್ನ ಅಸೆಪ್ರೊಮಜೀನ್ ಪಡೆದ ಕುದುರೆಗಳಲ್ಲಿ ಸಾವು ಕಡಿಮೆಯಾಗಿದ್ದುದೂ ಕಂಡುಬಂದಿದೆ. ಅದೇ ಔಷಧಿಯನ್ನು ಹೊಟ್ಟೆಶೂಲೆಯಿಂದ ನೀರಿನಂಶ ಕಳೆದುಕೊಂಡ, ಇಲ್ಲವೇ ರಕ್ತ ಸೋರಿಹೋದ ಕುದುರೆಗೆ ಚುಚ್ಚಿದರೆ ಅದು ನಿಂತಲ್ಲೇ ಕುಸಿಯಬಹುದು. ಗಂಡುಕುದುರೆಗಳಲ್ಲಿ ಶಿಶ್ನ ಹೊರಬಿದ್ದು ಒಳಸೇರದ ತೊಂದರೆಯೂ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ.

ರೇಸ್‌ಕೋರ್ಸ್‌ನ ಕುದುರೆಗೆ ಇವೆಲ್ಲವನ್ನೂ ಬಲ್ಲ ವೈದ್ಯರು ಸಿಗುತ್ತಾರೆ. ಹಿಂದೆ ಕೋಗಳಿ ನಾಡು ಎನಿಸಿಕೊಂಡಿದ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಮೈಲಾರಲಿಂಗನ ವಾಹನವೇ ಕುದುರೆ. ಆದರೆ ಇಲ್ಲಿ ತಟ್ಟುವೊಂದು ಹೊಟ್ಟೆಶೂಲೆಯಿಂದ ನೆಲಕ್ಕೆ ಬಿದ್ದರೆ ಪರಿಸ್ಥಿತಿಯೇ ಬೇರೆ. ಸಮೀಪದ ಪಶುವೈದ್ಯಕೀಯ ಕಾಲೇಜುಗಳಿರುವುದು ಗದಗ, ಶಿವಮೊಗ್ಗಗಳಲ್ಲಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾಲಯ ಬರುವ ವ್ಯವಸ್ಥೆ ಇದೆಯಾದರೂ ಅದನ್ನು ರೂಪಿಸಿದ್ದು ಮುಖ್ಯವಾಗಿ ದನ, ಎಮ್ಮೆ, ಕುರಿಗಳನ್ನು ಗಮನದಲ್ಲಿಟ್ಟುಕೊಂಡು. ಅದರಲ್ಲಿ ತಪ್ಪೂ ಇಲ್ಲ. ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2012ರ ಗಣತಿಯಲ್ಲಿ ಸುಮಾರು 6.25 ಲಕ್ಷ ಇದ್ದದ್ದು 2019ರ ಗಣತಿಯ ವೇಳೆಗೆ ಸುಮಾರು 3.4 ಲಕ್ಷಕ್ಕೆ ಇಳಿಯಿತು. ಸಂಖ್ಯೆ ಕಡಿಮೆಯಾದಷ್ಟೂ ಕುದುರೆಯನ್ನು ಮುಟ್ಟಿ ಅನುಭವವಿರುವ ವೈದ್ಯರೂ ವಿರಳವಾಗುತ್ತಾರೆ.

ಇಲ್ಲಿ ಕೊರತೆ ಔಷಧಿಯದಲ್ಲ. ಡೋಬ್ಯುಟಮಿನ್ ಮನುಷ್ಯರ ಹೃದ್ರೋಗ ಚಿಕಿತ್ಸೆಗೆ ಬಳಕೆಯಲ್ಲಿರುವ ಔಷಧಿಯೇ. 250 ಮಿಲಿಗ್ರಾಂ ಔಷಧಿಯನ್ನು ಅರ್ಧ ಲೀಟರ್ ಸಲೈನ್‌ಗೆ ಬೆರೆಸಿದರೆ, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೊಂದು ಮೈಕ್ರೋಗ್ರಾಂ ಲೆಕ್ಕದಲ್ಲಿ, 450 ಕಿಲೋ ತೂಕದ ರೇಸ್ ಕುದುರೆಗೆ ಸಾಮಾನ್ಯ ಡ್ರಿಪ್ ಕೊಳವೆಯಲ್ಲಿ ನಿಮಿಷಕ್ಕೆ 18 ಹನಿ ಬೇಕು. 200 ಕಿಲೋ ತೂಗುವ ತಟ್ಟುವಿಗೆ ಎಂಟೇ ಹನಿ. ಬಯಲಿನಲ್ಲಿ ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಕು, ಹನಿಯನ್ನು ಗಡಿಯಾರ ನೋಡಿ ಎಣಿಸಬೇಕು, ಒತ್ತಡ ಅಳೆಯುವ ಸಾಧನ ಇರುವುದಿಲ್ಲ. ಆಗ ವೈದ್ಯರಿಗೆ ಉಳಿಯುವುದು ವಸಡಿನ ಬಣ್ಣ, ಅದನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂಬ ಪರೀಕ್ಷೆ, ದವಡೆಯ ಕೆಳಗಿನ ನಾಡಿ. ಒತ್ತಡದ ಅಂಕಿ ಹೇಳದ ರಕ್ತಸಂಚಾರದ ಸುದ್ದಿಯನ್ನು ಇವು ಒಂದಿಷ್ಟಾದರೂ ಹೇಳುತ್ತವೆ. ಇಷ್ಟಾದರೂ, ವೈದ್ಯರು ಬರುವ ಮೊದಲು ಪ್ರಾಣಿಗೆ ಯಾರಾದರೂ ಶಾಂತಗೊಳಿಸುವ ಸೂಜಿ ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಯಾವಾಗ, ಎಷ್ಟು ಎಂಬುದನ್ನು ಮಾಲೀಕನ ಬಾಯಿಂದಲೇ ಕೇಳಿ ತಿಳಿಯಬೇಕು. ಹಳ್ಳಿಯ ತಟ್ಟುವಿಗೆ ಚಿಕಿತ್ಸಾ ದಾಖಲೆಯ ಪುಸ್ತಕ ಎಂಬುದೇ ಇಲ್ಲ.