ತೊಳೆದರಾಯಿತೇ?

ಮೋಟಾರು ಸೈಕಲ್ಲನ್ನು ತೊಳೆಯುವ ಉತ್ಸಾಹ ಅನೇಕರಿಗುಂಟು. ಒರೆಸುವ ತಾಳ್ಮೆ ಕೆಲವರಿಗೆ ಮಾತ್ರ. ನಾಲ್ಕು ಬಕೆಟ್ ನೀರು ಸುರಿದು, ಬಿಸಿಲಿಗೆ ನಿಲ್ಲಿಸಿ, ತಾನೇ ಒಣಗೀತೆಂದು ಹೊರಟುಬಿಡುವವರೇ ಹೆಚ್ಚು. ಒಣಗುವುದೇನೋ ನಿಜ. ಆದರೆ ಕೊಳವೆ ಬಾವಿಯ ಗಡಸು ನೀರು ಆರಿದಲ್ಲೆಲ್ಲ ಬಿಳಿಯ ಕಲೆ ಉಳಿಯುತ್ತದೆ. ಚೈನು, ಬೋಲ್ಟುಗಳ ಸಂದಿನಲ್ಲಿ ನಿಂತ ನೀರು ಗಾಳಿಯೊಡನೆ ಸೇರಿ ತುಕ್ಕು ಹಿಡಿಸುತ್ತದೆ. ಒದ್ದೆಯಾದ ಬ್ರೇಕಂತೂ ಸರಿಯಾಗಿ ಹಿಡಿಯದು. ಅಲ್ಲಿ ಪ್ರಶ್ನೆ ಅಂದದ್ದಲ್ಲ, ಪ್ರಾಣದ್ದು.

ಉಪಾಯ ಸುಲಭ. ಮೆತ್ತನೆಯ ಹತ್ತಿ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಬೇಕು. ಇಂಜಿನ್ನು ನಿಲ್ಲಿಸಿಯೇ ಚೈನನ್ನು ಒರೆಸಿ, ಟಯರಿಗೂ ಬ್ರೇಕಿಗೂ ಸೋಕದಂತೆ ಎಣ್ಣೆ ಬಿಡಬೇಕು. ಬಳಿಕ ಜನಸಂಚಾರವಿಲ್ಲದೆಡೆ ನಿಧಾನವಾಗಿ ಓಡಿಸುತ್ತ, ಬ್ರೇಕನ್ನು ನಾಲ್ಕೈದು ಬಾರಿ ಮೆಲ್ಲಗೆ ಒತ್ತಿದರೆ ತೇವ ಆರುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಿಕೆ 1996ರಲ್ಲಿ ನಿಂತರೂ, ಅಲ್ಲಿಯ ಜಾವಾ, ಯೆಜ್ದಿ ಗಾಡಿಗಳು ಇಂದಿಗೂ ಓಡುತ್ತಿರುವುದರಲ್ಲಿ ಇಂಥ ಆರೈಕೆಯ ಪಾಲಿದೆ.

ಒರೆಸುವುದು ಗ್ಯಾರೇಜಿನ ಹುಡುಗನ ಕೆಲಸ, ಬಿ.ಎ. ಓದುವವನದಲ್ಲ ಎಂಬ ಭಾವನೆಯೊಂದು ನಮ್ಮಲ್ಲಿದೆ. ಮನೆಯಲ್ಲಿ ಮೊದಲಿಗರಾಗಿ ಪದವಿ ಪಡೆಯುವ ನನ್ನಂಥವರಿಗೆ ಇದು ಒಪ್ಪುವ ಮಾತಲ್ಲ. ನಮ್ಮ ಹಿರಿಯರು ಕುಡುಗೋಲನ್ನು ಒದ್ದೆಯಾಗಿ ಸೂರಿಗೆ ಸಿಕ್ಕಿಸಿದವರಲ್ಲ, ಒರೆಸಿಯೇ ಇಟ್ಟವರು. ಅಕ್ಷರ ಬಾರದ ಅವರು ಅರಿತಿದ್ದ ಪಾಠವನ್ನು ಮರೆತರೆ, ಮಿತ್ರರೇ, ನಾವು ಓದಿದುದಾದರೂ ಏನನ್ನು?